ಸಿಲ್ಲಿ ಮಿಸ್ಟೇಕ್ ಅನ್ನೋ ಹೆಸರಿನ ತಪ್ಪೇ ಇಲ್ಲ

ಸಿಇಟಿ ಹತ್ತಿರ ಬಂತೆಂದರೆ ಬೆಂಗಳೂರಿನಲ್ಲಿ ಪಿಯುಸಿ ಮಕ್ಕಳಿರುವ ಮನೆಗಳಲ್ಲಿ ಭಾನುವಾರ ಸಂಜೆಯ ಸಂಭಾಷಣೆ ಹೆಚ್ಚು ಕಡಿಮೆ ಒಂದೇ.

"ಎಷ್ಟು ಬಂತೋ?"

"60ಕ್ಕೆ 38 ಅಮ್ಮ. ಏಳೆಂಟು ಸಿಲ್ಲಿ ಮಿಸ್ಟೇಕ್. ಇಲ್ಲಾಂದ್ರೆ 45 ಬರ್ತಿತ್ತು."

ಅಮ್ಮನಿಗೂ ನೆಮ್ಮದಿ, ಮಗನಿಗೂ ನೆಮ್ಮದಿ. ಮುಂದಿನ ಭಾನುವಾರ ಮತ್ತೆ ಏಳೆಂಟು ಸಿಲ್ಲಿ. ಅದರ ಮುಂದಿನ ವಾರವೂ ಅಷ್ಟೇ. ಪ್ರತಿ ವಾರ ತಪ್ಪದೆ ಬರುವುದನ್ನು ಸಿಲ್ಲಿ ಅನ್ನುವುದು ಹೇಗೆ? ಅದು ಅಭ್ಯಾಸ. ಸಿಲ್ಲಿ ಎಂಬ ಪದ ಮಾಡುವ ಕೆಲಸ ಒಂದೇ, ವಿಚಾರಣೆ ಶುರುವಾಗುವ ಮೊದಲೇ ಕೇಸು ಮುಚ್ಚಿಬಿಡುವುದು. ತಪ್ಪುಗಳಿಗೆ ಒಂದು ಪುಸ್ತಕ ಇಡಬೇಕು ಅನ್ನುವವರು ಮೊದಲು ಈ ಪದವನ್ನು ಆ ಪುಸ್ತಕದಿಂದ ಹೊರಗಿಡಬೇಕು.

ತಪ್ಪಿನ ಪುಸ್ತಕ ಇಡಿ ಎಂದು ಎಲ್ಲ ಮೇಷ್ಟರೂ ಹೇಳುತ್ತಾರೆ. ಮಕ್ಕಳು ಇಡುತ್ತಾರೆ ಕೂಡ. ತೆರೆದು ನೋಡಿದರೆ ಅದರಲ್ಲಿ ಇರುವುದು ಸರಿಯುತ್ತರಗಳು! ಪ್ರಶ್ನೆಯನ್ನು ಅಂದವಾಗಿ ನಕಲು ಮಾಡಿ, ಕೆಳಗೆ ಕೀ ಉತ್ತರದಲ್ಲಿದ್ದ ಪರಿಹಾರವನ್ನು ಹಸಿರು ಪೆನ್ನಿನಲ್ಲಿ ಬರೆದು, ಸ್ಕೇಲಿಟ್ಟು ಗೆರೆ ಎಳೆದಿರುತ್ತಾರೆ. ನೂರು ಪುಟ ತುಂಬಿದರೂ ಮಾರ್ಕ್ಸ್ ಕದಲುವುದಿಲ್ಲ, ಏಕೆಂದರೆ ತಪ್ಪು ಹುಟ್ಟಿದ ಜಾಗ ಆ ನೂರು ಪುಟದಲ್ಲಿ ಎಲ್ಲೂ ಇಲ್ಲ. ಸರಿಯುತ್ತರ ಹೇಗಿದ್ದರೂ ಪಠ್ಯಪುಸ್ತಕದಲ್ಲಿ ಸಿಗುತ್ತದೆ. ತಪ್ಪು ಆಪ್ಷನ್‌ಗೆ ಕೈ ಹೋದ ಗಳಿಗೆಯಲ್ಲಿ ತಲೆಯಲ್ಲಿ ಓಡಿದ ಮಾತು ಮಾತ್ರ ಬೇರೆಲ್ಲೂ ಸಿಗುವುದಿಲ್ಲ. ಬರೆದಿಡಬೇಕಾದದ್ದು ಅದನ್ನು, ಅದೂ ಅದೇ ದಿನ. ಮಾರನೆಯ ದಿನಕ್ಕೆ ಅದು ಮರೆತುಹೋಗಿ, ಜಾಗದಲ್ಲಿ ಒಂದು ಸಭ್ಯವಾದ ನೆಪ ಬಂದು ಕೂತಿರುತ್ತದೆ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಫಿಸಿಕ್ಸ್‌ನ ಹಳೇ ಗಿರಾಕಿ: ಒಂದು ತಂತಿಯನ್ನು ಎಳೆದು ಉದ್ದ ಎರಡು ಪಟ್ಟು ಮಾಡಿದರೆ ಅದರ ರೆಸಿಸ್ಟೆನ್ಸ್ ಎಷ್ಟಾಗುತ್ತದೆ? ಆಪ್ಷನ್‌ಗಳು: ಕಾಲು ಭಾಗ, ಅಷ್ಟೇ ಇರುತ್ತದೆ, 2 ಪಟ್ಟು, 4 ಪಟ್ಟು. ಹುಡುಗ 2 ಪಟ್ಟು ಎಂದು ಗುರುತು ಹಾಕಿದ್ದಾನೆ. ಪುಸ್ತಕದಲ್ಲಿ "ಫಾರ್ಮುಲಾ ಮರೆತೆ" ಎಂದು ಬರೆದಿದ್ದಾನೆ. ಅದು ಸುಳ್ಳು. ಫಾರ್ಮುಲಾ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತಾನೆ. ನಿಜಕ್ಕೂ ಆದದ್ದು ಇದು: ಉದ್ದ ಎರಡು ಪಟ್ಟು ಎಂದು ಓದಿದ ಕೂಡಲೇ ರೆಸಿಸ್ಟೆನ್ಸ್ ಉದ್ದಕ್ಕೆ ಅನುಪಾತದಲ್ಲಿದೆ ಎಂಬ ಸಾಲು ನೆನಪಾಯಿತು, ಪೆನ್ನು ಓಡಿತು. "ಎಳೆದು" ಎಂಬ ಪದ ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಎಳೆದರೆ ತಂತಿ ತೆಳ್ಳಗಾಗುತ್ತದೆ. ಲೋಹ ಇದ್ದಷ್ಟೇ ಇರುವುದರಿಂದ ಉದ್ದ ಎರಡರಷ್ಟಾದಾಗ ಅಡ್ಡಕೊಯ್ತದ ವಿಸ್ತೀರ್ಣ ಅರ್ಧಕ್ಕಿಳಿಯುತ್ತದೆ. ಫಾರ್ಮುಲಾದಲ್ಲಿ ಉದ್ದವನ್ನು ವಿಸ್ತೀರ್ಣದಿಂದ ಭಾಗಿಸುವುದರಿಂದ ಎರಡೂ ಸೇರಿ 4 ಪಟ್ಟು.

ಹಾಗಾದರೆ ಬರೆಯಬೇಕಾದ ಸಾಲು: "ಉದ್ದ ಮಾತ್ರ ನೋಡಿದೆ. ಎಳೆದ ತಂತಿ ಅಂದ್ರೆ ಮೊದಲು ವಾಲ್ಯೂಮ್ ಅಷ್ಟೇ ಅಂತ ಬರೆಯಬೇಕು." ಇಷ್ಟೇ. ಮೊದಲ ವಾಕ್ಯ ಏನಾಯಿತೆಂದು ಹೇಳುತ್ತದೆ, ಎರಡನೆಯದು ಮುಂದಿನ ಸಲ ಪೆನ್ನು ಮೊದಲು ಏನು ಮಾಡಬೇಕೆಂದು. "ಇನ್ನು ಮೇಲೆ ಹುಷಾರಾಗಿರಬೇಕು" ಎಂಬಂಥ ಸಾಲಿಗೆ ಅಲ್ಲಿ ಜಾಗವಿಲ್ಲ, ಹುಷಾರು ಎನ್ನುವುದು ಕೈಯಲ್ಲಿ ಮಾಡುವ ಕೆಲಸವಲ್ಲ.

ಪುರುಸೊತ್ತಿದ್ದರೆ ಉಳಿದ ಆಪ್ಷನ್‌ಗಳನ್ನೂ ಬಿಡಬೇಡಿ. "ಅಷ್ಟೇ ಇರುತ್ತದೆ" ಎಲ್ಲಿಂದ ಬಂತು? ಉದ್ದ ದುಪ್ಪಟ್ಟು, ವಿಸ್ತೀರ್ಣ ಅರ್ಧ, ಒಂದಕ್ಕೊಂದು ವಜಾ ಎಂದು ಭಾಗಿಸುವಲ್ಲಿ ಗುಣಿಸಿದವನಿಗೆ. "ಕಾಲು ಭಾಗ" ಫಾರ್ಮುಲಾವನ್ನೇ ತಲೆಕೆಳಗು ಮಾಡಿದವನಿಗೆ. ಪ್ರಶ್ನೆ ತೆಗೆಯುವವರು ತಪ್ಪು ಆಪ್ಷನ್‌ಗಳನ್ನು ಸುಮ್ಮನೆ ತುಂಬುವುದಿಲ್ಲ, ಒಂದೊಂದೂ ಒಂದೊಂದು ಮುಗ್ಗರಿಕೆಗೆ ಹಾಸಿದ ಚಾಪೆ. ವಾರಕ್ಕೆ ಹತ್ತು ಪ್ರಶ್ನೆಗಳನ್ನು ಹೀಗೆ ಬಿಡಿಸಿದರೆ ಒಂದು ತಿಂಗಳಲ್ಲಿ ಆಪ್ಷನ್ ನೋಡುವ ಕಣ್ಣೇ ಬೇರೆಯಾಗುತ್ತದೆ.

ಈಗ ಪುಸ್ತಕದ ವಿಷಯ. 200 ಪುಟದ ಗೆರೆಯಿರುವ ಲಾಂಗ್ ಬುಕ್ ಸಾಕು, ಸಬ್ಜೆಕ್ಟಿಗೊಂದು. ಆ್ಯಪ್, ಎಕ್ಸೆಲ್ ಮಾಡಿಕೊಳ್ಳುವವರಿದ್ದಾರೆ. ಬಣ್ಣದ ಗ್ರಾಫ್ ಚೆನ್ನಾಗಿಯೇ ಬರುತ್ತದೆ, ಆದರೆ ಮೊಬೈಲ್ ಕೈಗೆತ್ತಿಕೊಂಡ ಮೇಲೆ ಗ್ರಾಫ್‌ಗಿಂತ ಮುಂಚೆ ಏನೇನು ತೆರೆದುಕೊಳ್ಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಎಡಪುಟದಲ್ಲಿ ಪ್ರಶ್ನೆಯ ಗುರುತು: ಯಾವ ಪೇಪರ್, ಎಷ್ಟನೇ ಪ್ರಶ್ನೆ, ಯಾವ ಚಾಪ್ಟರ್. ಪೂರ್ತಿ ಪ್ರಶ್ನೆ ನಕಲು ಮಾಡಬೇಡಿ, ಜೆರಾಕ್ಸ್ ಪೇಪರಿನಿಂದ ಕತ್ತರಿಸಿ ಅಂಟಿಸಿದರೆ ಆಯಿತು. ಅದರ ಕೆಳಗೆ ಮೇಲೆ ಹೇಳಿದ ಎರಡು ವಾಕ್ಯ, ಪಕ್ಕದಲ್ಲಿ ಒಂದಕ್ಷರದ ಕೋಡ್. ಬಲಪುಟ ಪೂರ್ತಿ ಖಾಲಿ, ಅದು ಮತ್ತೆ ಬಿಡಿಸಲು. ಸರಿಯುತ್ತರ ಈ ಎರಡು ಪುಟದಲ್ಲಿ ಎಲ್ಲೂ ಕಾಣಬಾರದು, ಪುಸ್ತಕದ ಕೊನೆಯಲ್ಲಿ ನಂಬರ್ ಹಾಕಿ ಬರೆದಿಟ್ಟರೆ ಸಾಕು. ಪಕ್ಕದಲ್ಲೇ ಉತ್ತರವಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ, "ಓ ಇದು ಗೊತ್ತು" ಅನಿಸಿಬಿಡುತ್ತದೆ.

ಕೋಡ್ ಐದಕ್ಕಿಂತ ಹೆಚ್ಚು ಬೇಡ. ವಿಷಯವೇ ತಿಳಿದಿಲ್ಲದ್ದಕ್ಕೆ 'ತಿ'. ತಿಳಿದಿತ್ತು, ಆ ಹೊತ್ತಿಗೆ ನೆನಪಾಗಲಿಲ್ಲ ಎನ್ನುವುದಕ್ಕೆ 'ನೆ'. ಪ್ರಶ್ನೆ ಓದಿದ್ದು ತಪ್ಪಾದರೆ 'ಓ'. ದಾರಿ ಸರಿ, ಲೆಕ್ಕ ತಪ್ಪಾದರೆ 'ಲೆ'. ಟೈಮ್ ಸಾಲದೆ ಬಿಟ್ಟದ್ದು ಅಥವಾ ಗಡಿಬಿಡಿಯಲ್ಲಿ ಹಾಕಿದ್ದು 'ಟೈ'. ಸಿಲ್ಲಿ ಎಂದು ಕರೆಯುತ್ತಿದ್ದುದೆಲ್ಲ ಈಗ 'ಓ' ಮತ್ತು 'ಲೆ' ಎಂದು ಒಡೆದುಕೊಳ್ಳುತ್ತದೆ. ಇವೆರಡಕ್ಕೂ ಮದ್ದು ಬೇರೆ ಬೇರೆ.

'ಓ' ಎಂಬುದು ಮುಖ್ಯವಾಗಿ ಬಯಾಲಜಿ, ಕೆಮಿಸ್ಟ್ರಿಯ ಕಾಯಿಲೆ. "ಕೆಳಗಿನವುಗಳಲ್ಲಿ ತಪ್ಪಾದ ಹೇಳಿಕೆ ಯಾವುದು" ಎಂದು ಕೇಳಿದ್ದಾರೆ, ಮೊದಲ ಹೇಳಿಕೆ ಸರಿಯಾಗಿ ಕಂಡಿತು, ಖುಷಿಯಲ್ಲಿ ಅದಕ್ಕೇ ಗುರುತು ಬಿತ್ತು. ಇಲ್ಲಿ ಪೆನ್ನಿಗೆ ಕೆಲಸ ಕೊಡಬೇಕು: "ತಪ್ಪಾದ" ಎಂಬ ಪದಕ್ಕೆ ಸುತ್ತು ಹಾಕುವುದು, ನಾಲ್ಕೂ ಆಪ್ಷನ್ ಪಕ್ಕ ಸರಿ ಅಥವಾ ತಪ್ಪು ಎಂದು ಗೀಚುವುದು, ಒಂಟಿಯಾಗಿ ಉಳಿದದ್ದೇ ಉತ್ತರ. ಮ್ಯಾಥ್ಸ್‌ನಲ್ಲಿ ಇದೇ ಕಾಯಿಲೆ ಸಣ್ಣ ಚಿಹ್ನೆಗಳಲ್ಲಿ ಅಡಗಿರುತ್ತದೆ. ಸೈನ್ ಎಕ್ಸ್ ಡಿಗ್ರಿಯ ಡೆರಿವೇಟಿವ್ ಕೇಳಿದರೆ ಆ ಪುಟ್ಟ ಸೊನ್ನೆಯಂಥ ಡಿಗ್ರಿ ಗುರುತು ಕಾಣದೆ ಬರೀ ಕಾಸ್ ಎಕ್ಸ್ ಎಂದು ಬರೆದು ಮುಂದೆ ಹೋಗುತ್ತಾರೆ. ಅದರ ಹಿಂದೆ ಪೈ ಬೈ 180 ಇರಬೇಕಿತ್ತು.

'ಲೆ' ಬಂದಲ್ಲಿ "ಕ್ಯಾಲ್ಕುಲೇಶನ್" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಮೈನಸ್ ಚಿಹ್ನೆ ಬ್ರ್ಯಾಕೆಟ್ ಒಳಗೆ ಹೋಗಲಿಲ್ಲವೇ, ಹತ್ತರ ಘಾತ ಕೂಡುವಾಗ ಜಾರಿತೇ, ಸೆಂಟಿಮೀಟರನ್ನು ಮೀಟರಿಗೆ ತಿರುಗಿಸಲಿಲ್ಲವೇ, ವ್ಯಾಸ ಕೊಟ್ಟಿದ್ದನ್ನು ತ್ರಿಜ್ಯ ಎಂದುಕೊಂಡದ್ದೇ? ಮೂರು ವಾರ ಹೀಗೆ ಬಿಡಿಬಿಡಿಯಾಗಿ ಬರೆದರೆ ಒಬ್ಬೊಬ್ಬರದೂ ಎರಡು ಮೂರು ಖಾಯಂ ಜಾಗಗಳೆಂದು ಗೊತ್ತಾಗುತ್ತದೆ. ಒಬ್ಬಳಿಗೆ ಯಾವಾಗಲೂ ಘಾತ, ಇನ್ನೊಬ್ಬನಿಗೆ ಯಾವಾಗಲೂ ಯೂನಿಟ್. ಅರ್ಧದಷ್ಟು ಲೆಕ್ಕದ ತಪ್ಪಿನ ಬೇರು ರಫ್ ಕೆಲಸದಲ್ಲಿದೆ ಅನ್ನಿಸುತ್ತದೆ: ಇದ್ದ ಖಾಲಿ ಜಾಗದಲ್ಲೆಲ್ಲ ಅಡ್ಡಾದಿಡ್ಡಿ ಬರೆದು, ತಮ್ಮದೇ 6 ಅನ್ನು 0 ಎಂದು ಓದಿಕೊಳ್ಳುವುದು. ಮೇಲಿನಿಂದ ಕೆಳಕ್ಕೆ ಒಂದೇ ಸಾಲಿನಲ್ಲಿ, ಪ್ರಶ್ನೆಯ ನಂಬರ್ ಹಾಕಿ ರಫ್ ಮಾಡುವುದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಬೇಕು. ಹಾಲ್‌ನಲ್ಲಿ ಕ್ಯಾಲ್ಕುಲೇಟರ್ ಇಲ್ಲ, ಹಾಗಾಗಿ ಮನೆಯಲ್ಲೂ ಇಲ್ಲ.

ಕೆಲವು ತಪ್ಪು ಎರಡು ಕೋಡ್‌ಗಳ ನಡುವೆ ನಿಲ್ಲುತ್ತವೆ. ಹೈಡ್ರೋಕ್ಲೋರಿಕ್ ಆಸಿಡ್‌ನ ಮೊಲಾರಿಟಿ 10ರ ಮೈನಸ್ 8ನೇ ಘಾತ, ಪಿಎಚ್ ಎಷ್ಟು? 8 ಎಂದು ಬರೆಯುವವರು ಲೆಕ್ಕ ತಪ್ಪಿಲ್ಲ, ಫಾರ್ಮುಲಾ ತಪ್ಪಿಲ್ಲ. ಆಸಿಡ್‌ಗೆ ನೀರು ಬೆರೆಸುತ್ತ ಹೋದರೆ ಅದು ಬೇಸ್ ಆಗಿಬಿಡುತ್ತದೆಯೇ ಎಂದು ಒಂದು ಕ್ಷಣ ನಿಂತು ನೋಡಲಿಲ್ಲ, ಅಷ್ಟೇ. ನೀರಿನದೇ ಹೈಡ್ರೋಜನ್ ಅಯಾನುಗಳನ್ನು ಸೇರಿಸಿಕೊಂಡರೆ ಉತ್ತರ 7ಕ್ಕಿಂತ ಕೂದಲೆಳೆ ಕಡಿಮೆ, ಸುಮಾರು 6.98. ಇಂಥದ್ದಕ್ಕೆ 'ತಿ' ಎಂದೇ ಹಾಕಿ. ಗೊತ್ತು ಅಂದುಕೊಂಡದ್ದು ಪೂರ್ತಿ ಗೊತ್ತಿರಲಿಲ್ಲ ಎಂದು ಒಪ್ಪಿಕೊಳ್ಳುವುದೇ ಲಾಭ.

ಇನ್ನು ತಪ್ಪು ಎಂದು ಎಣಿಕೆಗೇ ಸಿಗದ ತಪ್ಪು: ಗೆಸ್ ಹೊಡೆದು ಸರಿಯಾದದ್ದು. ಸಿಇಟಿಯಲ್ಲಿ ಪ್ರತಿ ಸಬ್ಜೆಕ್ಟಿಗೆ 60 ಪ್ರಶ್ನೆ, 80 ನಿಮಿಷ, ನೆಗೆಟಿವ್ ಮಾರ್ಕಿಂಗ್ ಇಲ್ಲ. ಅಂದರೆ ಪ್ರಶ್ನೆಪತ್ರಿಕೆ ಬಿಡಿಸಿಯೂ ನೋಡದೆ ಕಣ್ಣುಮುಚ್ಚಿ 60ಕ್ಕೂ ಗುರುತು ಹಾಕಿದವನಿಗೆ ಸರಾಸರಿ 15 ಸರಿ ಬೀಳುತ್ತದೆ. ಪರೀಕ್ಷೆಯ ದಿನ ಒಂದೂ ಬಿಡದೆ ಹಾಕಲೇಬೇಕು, ಅನುಮಾನವಿಲ್ಲ. ಪ್ರ್ಯಾಕ್ಟೀಸ್ ದಿನ ಮಾತ್ರ ಈ ಪುಕ್ಕಟೆ ಅಂಕ ಕಣ್ಣಿಗೆ ಮಣ್ಣೆರಚುತ್ತದೆ. ಹಾಗಾಗಿ ಬಿಡಿಸುವಾಗಲೇ ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಗುರುತು ಬೇಕು: ಖಚಿತವಾದದ್ದಕ್ಕೆ ಏನೂ ಬೇಡ, ಎರಡರಲ್ಲಿ ಒಂದು ಎಂದು ಹಾಕಿದ್ದಕ್ಕೆ ಎರಡು ಚುಕ್ಕಿ, ಪೂರ್ತಿ ಗೆಸ್‌ಗೆ ಪ್ರಶ್ನಾರ್ಥಕ. ಒಂದು ಸೆಕೆಂಡಿನ ಕೆಲಸ.

ಇದರಿಂದ ಏನು ಗೊತ್ತಾಗುತ್ತದೆ ನೋಡಿ. ಒಬ್ಬ ವಿದ್ಯಾರ್ಥಿನಿ ಮೊದಲ ಪೇಪರಿನಲ್ಲಿ 32 ಪ್ರಶ್ನೆಗೆ ಖಚಿತವಾಗಿ ಉತ್ತರಿಸಿ 30 ಸರಿ ಮಾಡಿದಳು, ಉಳಿದ 28 ಗೆಸ್‌ನಲ್ಲಿ 10 ಕೂಡಿಬಂತು ಅನ್ನೋಣ. ಒಟ್ಟು 40. ಎರಡು ವಾರದ ಮೇಲೆ 37ಕ್ಕೆ ಖಚಿತ, ಅದರಲ್ಲಿ 34 ಸರಿ, 23 ಗೆಸ್‌ನಲ್ಲಿ ಕೇವಲ 4. ಒಟ್ಟು 38. ಮನೆಯಲ್ಲಿ "ಯಾಕೆ ಕಮ್ಮಿ ಆಯ್ತು" ಎಂಬ ಪ್ರಶ್ನೆ ಏಳುತ್ತದೆ. ಕಮ್ಮಿಯಾಗಿಲ್ಲ, ಗೊತ್ತಿದ್ದು ಬರೆದದ್ದು 30ರಿಂದ 34ಕ್ಕೆ ಏರಿದೆ. ಅದೃಷ್ಟ ಇಳಿದಿದೆ, ಅದು ಯಾರ ಕೈಯಲ್ಲೂ ಇಲ್ಲ. ತಂದೆತಾಯಿ ಕೇಳಬೇಕಾದ ಸಂಖ್ಯೆ ಒಟ್ಟು ಅಲ್ಲ, ಗೊತ್ತಿದ್ದು ಬರೆದು ಸರಿಯಾದದ್ದು ಎಷ್ಟು ಎಂಬುದು. ಚುಕ್ಕಿ, ಪ್ರಶ್ನಾರ್ಥಕ ಇದ್ದೂ ಸರಿಯಾದವು ಕೂಡ ಪುಸ್ತಕಕ್ಕೆ ಹೋಗಬೇಕು.

ನೀಟ್ ಬರೆಯುವವರಿಗೆ ಇದೇ ಗುರುತುಗಳು ಇನ್ನೊಂದು ಲೆಕ್ಕ ಕೊಡುತ್ತವೆ. ಅಲ್ಲಿ 180 ಪ್ರಶ್ನೆ, 720 ಅಂಕ, ಸರಿಯಾದರೆ 4, ತಪ್ಪಾದರೆ ಮೈನಸ್ 1. ಐದಕ್ಕೆ ಒಂದು ಸರಿಯಾದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಎರಡು ಆಪ್ಷನ್‌ಗೆ ಇಳಿಸಿಕೊಂಡರೆ ಅರ್ಧ ಸರಿಯಾಗಬೇಕು ಎಂಬುದು ಕಾಗದದ ಲೆಕ್ಕ. ನಿಮ್ಮ ಎರಡು ಚುಕ್ಕಿಯ ಪ್ರಶ್ನೆಗಳು 40 ಸೇರಿದ ಮೇಲೆ ಎಣಿಸಿ. 20 ಸರಿಯಿದ್ದರೆ 80ರಲ್ಲಿ 20 ಕಳೆದು 60 ಅಂಕ ಕೈಗೆ ಬಂತು, ಧೈರ್ಯವಾಗಿ ಹಾಕುತ್ತ ಹೋಗಿ. 6 ಮಾತ್ರ ಸರಿಯಿದ್ದರೆ 24ರಲ್ಲಿ 34 ಹೋಗಿ ಮೈನಸ್ 10. ಅರೆಬರೆ ಗೊತ್ತಿರುವವರನ್ನು ಹಿಡಿಯಲೆಂದೇ ಇಟ್ಟ ಆಪ್ಷನ್‌ಗೆ ನೀವು ಸಿಕ್ಕಿಬೀಳುತ್ತಿದ್ದೀರಿ ಎಂದರ್ಥ, ಬಯಾಲಜಿಗಿಂತ ಫಿಸಿಕ್ಸ್‌ನಲ್ಲಿ ಹೀಗಾಗುತ್ತಿದೆಯೇ ಎಂದೂ ನೋಡಿ. ಹಾಕಬೇಕೋ ಬಿಡಬೇಕೋ ಎಂದು ಕೋಚಿಂಗ್‌ನ ಸೀನಿಯರ್‌ಗಳನ್ನು ಕೇಳುವ ಬದಲು ಈ ಎಣಿಕೆಯನ್ನು ಕೇಳುವುದು ಮೇಲು.

ಎಲ್ಲ ತಪ್ಪನ್ನೂ ಬರೆಯಲು ಹೋಗಬೇಡಿ. 60ರಲ್ಲಿ 22 ತಪ್ಪಾದರೆ 22ನ್ನೂ ಬರೆದವರು ಮೂರನೇ ವಾರಕ್ಕೆ ಪುಸ್ತಕವನ್ನೇ ಕೈಬಿಡುತ್ತಾರೆ. ಎಂಟು ಆರಿಸಿಕೊಳ್ಳಿ: ಮೊದಲು 'ಓ' ಮತ್ತು 'ಲೆ', ಆಮೇಲೆ ಇತ್ತೀಚೆಗೆ ಓದಿದ ಚಾಪ್ಟರಿನ 'ನೆ'. ಇನ್ನೂ ಓದೇ ಇಲ್ಲದ ಚಾಪ್ಟರಿನ ಪ್ರಶ್ನೆ ತಪ್ಪಾದರೆ ಅದು ತಪ್ಪಿನ ಪುಸ್ತಕದ ವಿಷಯವಲ್ಲ, ಟೈಮ್‌ಟೇಬಲ್‌ನ ವಿಷಯ. ಪುಸ್ತಕದ ಹಿಂಬದಿಯಲ್ಲಿ ಚಾಪ್ಟರ್ ಹೆಸರಿನ ಮುಂದೆ ಒಂದು ಕಡ್ಡಿ ಎಳೆದರೆ ಮುಗಿಯಿತು. 80 ನಿಮಿಷದ ಪೇಪರಿಗೆ ಎರಡು ಗಂಟೆ ವಿಮರ್ಶೆ ಬೇಕೇ ಬೇಕು. ವಾರಕ್ಕೆ ಐದು ಪೇಪರ್ ಬಿಡಿಸಿ ಐದನ್ನೂ ಬರೀ ಟೋಟಲ್ ಮಾಡಿ ಎಸೆಯುವವರಿಗಿಂತ ಎರಡೇ ಬಿಡಿಸಿ ಕೆದಕುವವರು ಮುಂದೆ ಹೋಗುತ್ತಾರೆ.

ಯಾವ ಪೇಪರ್ ಬಿಡಿಸುತ್ತೀರಿ ಎಂಬುದರಲ್ಲೂ ಮೋಸವಿದೆ. 2024ರ ಸಿಇಟಿಯಲ್ಲಿ ಪಠ್ಯದ ಹೊರಗಿನ ಪ್ರಶ್ನೆಗಳು ಬಂದು ಗದ್ದಲವೆದ್ದು, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಆ ವರ್ಷದ ಪೇಪರನ್ನು ಹಾಗೇ ಇಟ್ಟುಕೊಂಡು ಬಿಡಿಸಿದರೆ ಇಲ್ಲದ ದೌರ್ಬಲ್ಯ ನಿಮ್ಮ ಪುಸ್ತಕಕ್ಕೆ ಸೇರುತ್ತದೆ. ಇನ್ನೂ ಹಳೆಯ ಕೆಮಿಸ್ಟ್ರಿ ಪೇಪರುಗಳಲ್ಲಿ ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಪಾಲಿಮರ್‌ಗಳ ಪ್ರಶ್ನೆ ಇರುತ್ತವೆ. ಎನ್‌ಸಿಇಆರ್‌ಟಿ ದ್ವಿತೀಯ ಪಿಯುಸಿ ಮಟ್ಟದ ಪುಸ್ತಕದಿಂದ ಆ ಚಾಪ್ಟರುಗಳನ್ನು ತೆಗೆದಿದೆ. ಈ ವರ್ಷದ ಸಿಲಬಸ್ ಪಕ್ಕದಲ್ಲಿಟ್ಟುಕೊಂಡು ಮೊದಲೇ ಅಂಥವನ್ನು ಪೆನ್ಸಿಲ್‌ನಲ್ಲಿ ಹೊಡೆದುಹಾಕಿ, ಉಳಿದ ಪ್ರಶ್ನೆಗಳಿಗೆ ತಕ್ಕಂತೆ ನಿಮಿಷ ಇಳಿಸಿ. ಕೀ ಉತ್ತರ ನೋಡುವಾಗಲೂ ಅಷ್ಟೇ. ಸಿಇಟಿ ನಡೆಸುವ ಕೆಇಎ ಮೊದಲು ತಾತ್ಕಾಲಿಕ ಕೀ ಬಿಡುತ್ತದೆ, ಆಕ್ಷೇಪಣೆ ಕರೆಯುತ್ತದೆ, ಆಮೇಲೆ ಅಂತಿಮ ಕೀ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುವುದು ಹೆಚ್ಚಾಗಿ ಮೊದಲನೆಯದು.

ಅವೆನ್ಯೂ ರೋಡಿನಲ್ಲಿ ಹಳೇ ಪ್ರಶ್ನೆಬ್ಯಾಂಕ್ ಅಗ್ಗಕ್ಕೆ ಸಿಗುತ್ತದೆ, ತರುವುದು ಒಳ್ಳೆಯದೇ. ಕೊಳ್ಳುವ ಮೊದಲು ನಡುವಿನ ನಾಲ್ಕು ಪುಟ ತಿರುವಿ ನೋಡಿ. ಹಿಂದಿನ ಯಜಮಾನರು ಪೆನ್ನಿನಲ್ಲಿ ಟಿಕ್ ಹಾಕಿದ್ದರೆ ಬಿಟ್ಟುಬಿಡಿ. ನೋಡುವುದಿಲ್ಲ ಎಂದುಕೊಂಡರೂ ಕಣ್ಣಂಚಿಗೆ ಟಿಕ್ ಬಿದ್ದೇ ಬೀಳುತ್ತದೆ, ಆಮೇಲೆ ಬಂದ 52 ನಿಮ್ಮದಲ್ಲ. ಪೆನ್ಸಿಲ್ ಆದರೆ ರಬ್ಬರ್ ಸಾಕು.

ಬರೆದದ್ದನ್ನು ಓದಿದರೆ ಪ್ರಯೋಜನವಿಲ್ಲ, ಮತ್ತೆ ಬಿಡಿಸಬೇಕು. ಮೂರು ದಿನದ ಮೇಲೆ ಒಮ್ಮೆ, ಹತ್ತು ದಿನದ ಮೇಲೆ ಒಮ್ಮೆ, ತಿಂಗಳಿಗೆ ಇನ್ನೊಮ್ಮೆ. ದಿನಾಂಕಗಳನ್ನು ಬರೆಯುವ ದಿನವೇ ಬಲಪುಟದ ಮೇಲೆ ಹಾಕಿಡಿ. ಮೂರು ಸಲವೂ ಸರಿಯಾದರೆ ಆ ಪುಟದ ಮೂಲೆ ಕತ್ತರಿಸಿ, ಇನ್ನು ಅದನ್ನು ನೋಡುವುದು ಬೇಡ. ಒಂದು ಸಲ ಎಡವಿದರೂ ಎಣಿಕೆ ಮತ್ತೆ ಮೂರು ದಿನದಿಂದ. ಇದರಲ್ಲಿ ಒಂದು ತೊಡಕಿದೆ: ಮೂರನೇ ಸಲಕ್ಕೆ ಉತ್ತರವೇ ಬಾಯಿಪಾಠವಾಗಿರುತ್ತದೆ. "ತಂತಿ ಪ್ರಶ್ನೆ, 4 ಪಟ್ಟು." ಆದ್ದರಿಂದ ಎರಡನೇ ಸಲದಿಂದ ಪ್ರಶ್ನೆಯನ್ನೇ ತಿರುಚಬೇಕು. ತಂತಿ ಎಳೆದು ತ್ರಿಜ್ಯ ಅರ್ಧವಾದರೆ? ವಿಸ್ತೀರ್ಣ ಕಾಲು, ಉದ್ದ ನಾಲ್ಕು ಪಟ್ಟು, ರೆಸಿಸ್ಟೆನ್ಸ್ 16 ಪಟ್ಟು. ಉದ್ದ ಶೇ 10 ಹೆಚ್ಚಿದರೆ? 1.1ರ ವರ್ಗ 1.21, ಅಂದರೆ ಶೇ 21. ಎಳೆಯದೆ, ಎರಡು ಸಮ ತುಂಡು ಮಾಡಿ ಪ್ಯಾರಲಲ್ ಆಗಿ ಜೋಡಿಸಿದರೆ? ಈಗ ಕಾಲು ಭಾಗ, ಏಕೆಂದರೆ ತಂತಿ ತೆಳ್ಳಗಾಗಿಲ್ಲ. ಈ ಕೊನೆಯದಕ್ಕೆ "ವಾಲ್ಯೂಮ್ ಅಷ್ಟೇ" ಎಂದು ಯಾಂತ್ರಿಕವಾಗಿ ಬರೆಯಲು ಹೊರಟವರಿಗೆ ತಾವು ಕಲಿತದ್ದು ಕಾರಣವನ್ನೋ ಬರೀ ಸಾಲನ್ನೋ ಎಂದು ಅಲ್ಲೇ ತಿಳಿಯುತ್ತದೆ. ತಿರುಚಿದ ಪ್ರಶ್ನೆಗಳನ್ನು ಸ್ನೇಹಿತರು ಒಬ್ಬರಿಗೊಬ್ಬರು ಬರೆದುಕೊಟ್ಟರೆ ಇನ್ನೂ ಚೆಂದ.

'ನೆ' ಕೋಡಿನವು ಮಾತ್ರ ಚೀಟಿಗೆ ಹೋಗಲಿ. ಮುಂದೆ ಪ್ರಶ್ನೆ, ಹಿಂದೆ ಉತ್ತರ, ರಬ್ಬರ್ ಬ್ಯಾಂಡ್. ಕೆಂಗೇರಿಯಿಂದ ಮೆಜೆಸ್ಟಿಕ್‌ವರೆಗೆ ಮೆಟ್ರೊದಲ್ಲಿ ನಿಂತುಕೊಂಡೇ ಮೂವತ್ತು ಚೀಟಿ ತಿರುವಬಹುದು. ಲೆಕ್ಕ ಬಿಡಿಸುವ ಸಾಹಸ ಅಲ್ಲಿ ಬೇಡ.

ಭಾನುವಾರ ಇಪ್ಪತ್ತು ನಿಮಿಷ ಕೋಡ್ ಎಣಿಕೆ. 'ತಿ' ಇಳಿಯುತ್ತ 'ಟೈ' ಏರುತ್ತಿದ್ದರೆ ಓದು ಸರಿಯಿದೆ, ವೇಗ ಸಾಲದು ಎಂದರ್ಥ. 80 ನಿಮಿಷಕ್ಕೆ 60 ಪ್ರಶ್ನೆ ಎಂದರೆ ತಲಾ 80 ಸೆಕೆಂಡ್ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ, ಉತ್ತರ ಗುರುತಿಸುವ ಓಎಂಆರ್ ಹಾಳೆಯ ವೃತ್ತ ತುಂಬುವುದನ್ನು ಮರೆಯುತ್ತಾರೆ. ಒಂದಕ್ಕೆ ಐದು ಸೆಕೆಂಡ್ ಎಂದರೂ 5 ನಿಮಿಷ ಅಲ್ಲಿಗೇ ಹೋಯಿತು. ಆದ್ದರಿಂದ ಪ್ರ್ಯಾಕ್ಟೀಸ್‌ನಲ್ಲೂ ಓಎಂಆರ್ ಜೆರಾಕ್ಸ್ ಇಟ್ಟು, ಬಾಲ್‌ಪಾಯಿಂಟ್ ಪೆನ್ನಿನಲ್ಲೇ ತುಂಬಬೇಕು. 20ನೇ ಮತ್ತು 40ನೇ ಪ್ರಶ್ನೆ ಮುಗಿದಾಗ ಗಡಿಯಾರ ಎಷ್ಟಿತ್ತೆಂದು ಅಂಚಿನಲ್ಲಿ ಬರೆದರೆ ಟೈಮ್ ಎಲ್ಲಿ ಸೋರಿತೆಂದು ಸಿಗುತ್ತದೆ. 23ನೇ ಪ್ರಶ್ನೆ ಬಿಟ್ಟು ಮುಂದೆ ಹೋದವರು 24ರ ಉತ್ತರವನ್ನು 23ರ ಸಾಲಿನಲ್ಲಿ ತುಂಬಿ, ಅಲ್ಲಿಂದ ಸಾಲುಸಾಲಾಗಿ ಜಾರುವುದು ಉಂಟು. ಪ್ರತಿ ಹತ್ತನೇ ಪ್ರಶ್ನೆಗೆ ನಿಂತು ಎರಡೂ ನಂಬರ್ ತಾಳೆ ನೋಡುವುದು ಅದಕ್ಕೆ ಇರುವ ಒಂದೇ ಉಪಾಯ.

ಪೇಪರ್ ಬಿಡಿಸಿದ ಹೊತ್ತನ್ನೂ ಬರೆದಿಡಿ. ಸಿಇಟಿ ಬೆಳಿಗ್ಗೆ 10.30ಕ್ಕೊಂದು, ಮಧ್ಯಾಹ್ನ 2.30ಕ್ಕೊಂದು ನಡೆಯುತ್ತದೆ, ಅದೂ ಏಪ್ರಿಲ್ ಸೆಖೆಯಲ್ಲಿ. ರಾತ್ರಿ ಹತ್ತಕ್ಕೆ ಬಿಡಿಸಿದ ಪೇಪರಿನ 'ಓ' ಎಣಿಕೆಗೂ, ಅನ್ನ ಸಾರು ಉಂಡು ಎರಡೂವರೆಗೆ ಕೂತ ಪೇಪರಿನ 'ಓ' ಎಣಿಕೆಗೂ ಎಷ್ಟು ವ್ಯತ್ಯಾಸ ಎಂದು ಒಮ್ಮೆ ಹೋಲಿಸಿ ನೋಡಿ. ಮಧ್ಯಾಹ್ನದ ಊಟ ಎಷ್ಟಿರಬೇಕೆಂದು ಅದೇ ಹೇಳುತ್ತದೆ.

ಕೊನೆಯ ವಾರ ಹೊಸ ತಪ್ಪು ಬರೆಯುವುದು ನಿಲ್ಲಿಸಿ. ಮೂಲೆ ಕತ್ತರಿಸದೆ ಉಳಿದ ಪುಟಗಳಿಂದ ಸಬ್ಜೆಕ್ಟಿಗೆ ಎಂಟು ಸಾಲು ಆರಿಸಿ ಒಂದು ಹಾಳೆಗೆ ಇಳಿಸಿ: "ಎಳೆದ ತಂತಿ, ವಾಲ್ಯೂಮ್ ಅಷ್ಟೇ." "ತಪ್ಪಾದ ಅನ್ನುವುದಕ್ಕೆ ಸುತ್ತು." "ಡಿಗ್ರಿ ಗುರುತು ಇದೆಯಾ?" ಬೆಳಗಿನ ಪೇಪರ್ 11.50ಕ್ಕೆ ಮುಗಿದರೆ ಮಧ್ಯಾಹ್ನದ್ದಕ್ಕೆ ಎರಡು ಗಂಟೆ 40 ನಿಮಿಷ ಇರುತ್ತದೆ. ಗೇಟಿನ ಹೊರಗೆ ಗುಂಪು ಕಟ್ಟಿಕೊಂಡು "17ಕ್ಕೆ ಏನ್ ಹಾಕ್ದೆ ಮಚ್ಚಾ" ಎನ್ನುವವರ ನಡುವೆ ನಿಲ್ಲದೆ, ನೆರಳಿರುವ ಕಡೆ ಕೂತು ಮೊಸರನ್ನದ ಡಬ್ಬಿ ತೆಗೆದು, ಮಧ್ಯಾಹ್ನದ ಸಬ್ಜೆಕ್ಟಿನ ಎಂಟು ಸಾಲನ್ನಷ್ಟೇ ನೋಡಿ.